ಗೋಡೆ ಏರಿದ ಬೆರಳುಗಳು

ಮೊನ್ನೆ ಪಿರಿಯಾಪಟ್ಟಣದಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನವರು ನೋವಿನ ಮುಲಾಮು ಹಚ್ಚಿಕೊಂಡಿದ್ದರು. ಆ ವಾಸನೆ ನಿಮಗೂ ಗೊತ್ತಿರುತ್ತದೆ, ಕಣ್ಣಿಗೆ ತಾಗುವಂಥದ್ದು. ಕಿಟಕಿ ತೆರೆದರೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯೆಲ್ಲ ಅದೇ ವಾಸನೆ.

ನಾನು ಕಂಪಲಾಪುರದಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಸಾಲಿನಲ್ಲಿ ನಿಲ್ಲಿಸಲು ಉಳಿದವಳು ಹೆಂಡತಿ ಜಯಮ್ಮ ಒಬ್ಬಳೇ. ಅವಳ ತವರು ರಾವಂದೂರು. ಹೊಗೆಸೊಪ್ಪಿನ ಕಾಲಕ್ಕೆ ಅಲ್ಲಿಗೆ ಹೋಗಿ ದಿನವಿಡೀ ತಲೆ ಬಗ್ಗಿಸಿ ಎಲೆ ಕಟ್ಟಿಕೊಟ್ಟು ಬರುತ್ತಿದ್ದಳು. ಆ ವರ್ಷ ಬಂದವಳಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ, ಬಲಗೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ತುರುಬು ಕಟ್ಟಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಯಿತು. ನೋವಿಗಿಂತ ಅವಳಿಗೆ ಅದೇ ದೊಡ್ಡದು. "ತಲೆ ಬಾಚೋಕೆ ಇನ್ನೊಬ್ರ ಬಾಗ್ಲಿಗೆ ಓಗ್ಬೇಕಾಯ್ತಲ್ರೀ" ಅನ್ನುತ್ತಿದ್ದಳು.

ಹುಣಸೂರಿನ ಡಾಕ್ಟರಮ್ಮ ಪ್ರತಿ ಮಂಗಳವಾರ ಬರಹೇಳಿದರು. ಮೊದಲು ಕೈರೋಪ್ರಾಕ್ಟಿಕ್. ಮಲಗಿಸಿ, ಕುತ್ತಿಗೆ ಬೆನ್ನುಗಳ ಬಿಗಿದ ಕೀಲುಗಳನ್ನು ಕೈಯಿಂದಲೇ ಸಡಿಲಿಸುವುದು. ಆಮೇಲೆ ಫಿಸಿಯೋಥೆರಪಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವುದು. "ಎರಡೂ ಜೊತೇಲೇ ಆಗ್ಬೇಕು ಮೇಷ್ಟ್ರೇ. ನಾನಿಲ್ಲಿ ಸಡಿಲ ಮಾಡ್ತೀನಿ, ನೀವು ಮನೇಲಿ ಆಡಿಸಿ. ಒಂದು ಬಿಟ್ರೆ ಇನ್ನೊಂದು ನಿಲ್ಲಲ್ಲ" ಅಂದರು.

ಆಡಿಸುವುದು ನನ್ನ ಪಾಲಿಗೆ ಬಂದರೆ ಕೇಳಬೇಕೇ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಗೋಡೆಯ ಮುಂದೆ ನಿಲ್ಲಿಸುತ್ತಿದ್ದೆ. ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. "ಇದೇನು ಇಸ್ಕೂಲಾ, ಆಜರಿ ಆಕೋಕೆ" ಅಂದಳು. ಗೆರೆ ಏರದ ದಿನ ನಾನೇನೂ ಬೈಯುತ್ತಿರಲಿಲ್ಲ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ಹೊರಗೆ ಹೋಗುತ್ತಿದ್ದೆ. ಅಷ್ಟೇ ಸಾಕಾಗಿತ್ತು ಎಂದು ತಿಳಿದದ್ದು ಆಮೇಲೆ.

ಗೆರೆ ಏರತೊಡಗಿತು, ವಾರಕ್ಕೊಂದು ಬೆರಳಗಲ.

"ನೋವಾ?"

"ಇಲ್ಲ ಬುಡಿ."

ನನ್ನ ಶಿಸ್ತಿನ ಫಲ ಎಂದುಕೊಂಡೆ. ವ್ಯಾಯಾಮದಿಂದಲೇ ಆಗುತ್ತಿರುವಾಗ ಹುಣಸೂರಿಗೆ ಯಾಕೆ ಅಲೆಯುವುದೆಂದು ಮಂಗಳವಾರದ ಪ್ರಯಾಣ ನಿಲ್ಲಿಸಿಬಿಟ್ಟೆ. ತುರುಬಿಗೆ ಅವಳು ಇನ್ನೂ ಪಕ್ಕದ ಮನೆಗೇ ಹೋಗುತ್ತಿದ್ದಳು; ಅದನ್ನು ಅಭ್ಯಾಸಬಲ ಎಂದುಕೊಂಡೆ. ಮೂರು ತಿಂಗಳಿಗೆ ಗೆರೆ ಗಲ್ಲದ ಮಟ್ಟಕ್ಕೆ ಬಂದಾಗ ಡಾಕ್ಟರಮ್ಮನಿಗೆ ತೋರಿಸಲು ಹೊರಟೆ. ಹೊಗಳಿಸಿಕೊಳ್ಳಲು ಹೊರಟೆ ಅಂದರೂ ಸರಿಯೇ.

ಡಾಕ್ಟರಮ್ಮ ಅವಳನ್ನು ಗೋಡೆಗೆ ನಿಲ್ಲಿಸಿ, ಮೇಲೇಳುತ್ತಿದ್ದ ಹೆಗಲನ್ನು ಒತ್ತಿ ಹಿಡಿದು, "ಹಿಮ್ಮಡಿ ನೆಲಕ್ಕಿಡಿ ಅಮ್ಮಾ" ಅಂದರು. ಬೆರಳು ಎದೆಯ ಹತ್ತಿರವೇ ನಿಂತಿತು, ಮೊದಲ ದಿನದ ಗೆರೆಗಿಂತಲೂ ಕೆಳಗೆ.

"ಏರಿರೋದು ಕೈ ಅಲ್ಲ ಮೇಷ್ಟ್ರೇ" ಅಂದರು ಡಾಕ್ಟರಮ್ಮ.

ಹಿಮ್ಮಡಿ ಎತ್ತುವ ಮಕ್ಕಳನ್ನು ಮೈದಾನದ ಆ ತುದಿಯಿಂದ ಹಿಡಿಯುತ್ತಿದ್ದವನು ನಾನು. ಮೂರು ತಿಂಗಳು ಮೊಳದಷ್ಟು ಹತ್ತಿರ ನಿಂತು ಗೋಡೆಯನ್ನಷ್ಟೇ ನೋಡಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಅವಳೇ ಹೇಳಿದಳು: "ನಿಮ್ ಮುಕ ಸಪ್ಪಗಾಯ್ತಿತ್ತು ಕಣ್ರೀ. ಅದ್ಕೇ ಎತ್ತುದ್ದೆ."

ಮತ್ತೆ ಮಂಗಳವಾರಗಳು ಶುರುವಾದವು. ಸಡಿಲಿಸುವುದು, ಆಡಿಸುವುದು, ಎರಡೂ. ಕುತ್ತಿಗೆ ತಿರುಗಿತು, ನೋವು ಬಹಳಷ್ಟು ಇಳಿಯಿತು. ಕೈ ಮಾತ್ರ ಗಲ್ಲದವರೆಗೆ ಬಂದು ನಿಂತಿದೆ. ಆ ಮೂರು ತಿಂಗಳು ಕಳೆಯದಿದ್ದರೆ ಇನ್ನೂ ಏರುತ್ತಿತ್ತೇ ಎಂದು ಕೇಳಿದೆ. ಡಾಕ್ಟರಮ್ಮ ಮುಂದಿನ ಮಂಗಳವಾರದ ಚೀಟಿ ಬರೆದುಕೊಟ್ಟರು.

ಈಗ ತುರುಬು ಕಟ್ಟುವವನು ನಾನು. ಇವತ್ತೂ ಕಟ್ಟಿದೆ.

"ಬಿಗಿಯಾಯ್ತಾ?"

"ಇಲ್ಲ ಬುಡಿ, ಸರಿಯಾಗದೆ."

ಮದುವೆಯಾದ ನಲವತ್ತು ವರ್ಷವೂ ಈ ಉತ್ತರ ಕೇಳಿ ನನ್ನ ಪಾಡಿಗೆ ಮುಂದೆ ಹೋಗಿದ್ದೇನೆ. ಕಟ್ಟಿದ್ದನ್ನು ಬಿಚ್ಚಿದೆ. ಹಣೆಯ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು.