ಏನಾದರೂ ಆದರೆ ನನ್ನನ್ನು ಕೇಳಿ

ಹೋದ ವಾರ ಒಬ್ಬ ಹೆಂಗಸು ನಾನು ಬರೆದದ್ದನ್ನು ನನ್ನ ಕೈಗೇ ಕೊಟ್ಟು, 'ಇದನ್ನ ಓದಮ್ಮ' ಅಂದಳು. ಬರೆದವಳು ನಾನೇ ಅಂತ ಅವಳಿಗೆ ಗೊತ್ತಿತ್ತು. (ಪಕ್ಕದಲ್ಲಿ ನನ್ನ ಫೋಟೊ ಇತ್ತಲ್ಲ, ಹಲ್ಲು ಕಿರಿದುಕೊಂಡು.) ಓದಿದೆ. ಇಷ್ಟು ವರ್ಷ ಅಂಕಣ ಬರೆದಿದ್ದೇನೆ, ನನ್ನದೇ ಸಾಲು ನನಗೇ ತಿರುಗಿ ಬಂದದ್ದು ಅವತ್ತೇ ಮೊದಲು.

ಮೊದಲಿನಿಂದ ಹೇಳುತ್ತೇನೆ. ನನ್ನ ನಾದಿನಿ ಲಕ್ಷ್ಮೀದೇವಿ ಆಶಾ ಕಾರ್ಯಕರ್ತೆ. ಪಾವಗಡ ತಾಲ್ಲೂಕು, ನಾಗಲಮಡಿಕೆ ಕಡೆಯ ಒಂದು ಹಳ್ಳಿ ಅವಳದು. ಅಲ್ಲಿ ಸೀನಿದರೆ ಆಂಧ್ರದಲ್ಲಿ ಕೇಳಿಸಬೇಕು, ಗಡಿ ಅಷ್ಟು ಹತ್ತಿರ. ಹೊಸ ಜ್ವರಕ್ಕೆ ಹೊಸ ಲಸಿಕೆ ಬರುತ್ತಿದೆಯಲ್ಲ, ಅದಕ್ಕೆ ಮನೆಮನೆ ಸರ್ವೆ. ಟ್ರೇನಿಂಗು, ಆ್ಯಪು, ಲಸಿಕೆ ಇಡೋಕೆ ಹೊಸ ಫ್ರಿಜ್ಜು. ಮಧುಗಿರಿಯಲ್ಲಿ ತಣ್ಣಗೆ ಕೂತಿದ್ದ ನನ್ನನ್ನು, 'ಬನ್ನಿ ಅತ್ತಿಗೆ, ನಿಮ್ ಪೇಪರ್‌ಗೂ ಏನಾದ್ರೂ ಸಿಕ್ತದೆ' ಅಂತ ಎಳೆದುಕೊಂಡು ಹೋದಳು.

ಸಿಕ್ಕಿತು.

ನಾಲ್ಕನೆಯ ಮನೆ ನರಸಮ್ಮನದು. ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿದವಳೇ ಒಳಗೆ ಹೋಗಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಪೇಪರ್ ತುಂಡೊಂದನ್ನು ತಂದಳು. ಕೊರೊನಾ ಕಾಲದಲ್ಲಿ ನಾನು ಬರೆದ ಅಂಕಣ. ಸೂಜಿಗೆ ಹೆದರುವವರನ್ನು ಚೆನ್ನಾಗಿ ಆಡಿಕೊಂಡಿದ್ದೆ. ಕೊನೆಯಲ್ಲಿ ಹೀಗಿತ್ತು: ಧೈರ್ಯವಾಗಿ ತೋಳು ಕೊಡಿ. ಏನಾದರೂ ಆದರೆ ನನ್ನನ್ನು ಕೇಳಿ.

ಬರೆಯುವಾಗ ಏನು ಗತ್ತು! ಕೇಳೋಕೆ ಯಾರು ಬರ್ತಾರೆ ಅನ್ನೋ ಧೈರ್ಯ.

"ಅದ್ಕೇ ಕೇಳ್ತಾ ಇದೀನಿ ಮೇಡಮ್ಮೋರೆ," ಅಂದಳು ನರಸಮ್ಮ. "ನಮ್ ಸುಜಾತ ಯಾತಕ್ಕೆ ಸತ್ಲು?"

ಸುಜಾತ ಅವಳ ಒಬ್ಬಳೇ ಮಗಳು. ಬಾಣಂತನ ಮುಗಿಸಿಕೊಂಡು ಇನ್ನೂ ತವರಲ್ಲೇ ಇದ್ದಳು. ಲಸಿಕೆ ಒಲ್ಲೆ ಅಂದಿದ್ದಳಂತೆ. ಆಗ ಲಕ್ಷ್ಮೀದೇವಿ ಇದೇ ಅಂಕಣ ಹಿಡಿದು, ನಮ್ಮ ಅತ್ತಿಗೆ ಬರೆದಿದ್ದು ಅಂತ ಜಂಬದಿಂದ ಮನೆಮನೆಗೆ ಓದುತ್ತಿದ್ದಳು. ನರಸಮ್ಮ ಕೇಳಿಸಿಕೊಂಡು, ಮಗಳಿಗೆ ಬೈದು, ರಟ್ಟೆ ಹಿಡಿದು ಲಸಿಕೆ ಹಾಕುತ್ತಿದ್ದ ಸ್ಕೂಲಿಗೆ ಕರೆದುಕೊಂಡು ಹೋದಳು. ಎಂಟನೆಯ ದಿನ ಸುಜಾತಳಿಗೆ ಎದೆನೋವು. ಆಸ್ಪತ್ರೆಗೆ ಪಾವಗಡಕ್ಕಿಂತ ಆಂಧ್ರದ ಕಡೆಯ ಊರೇ ಹತ್ತಿರ. ಆಟೋದಲ್ಲಿ ಗಡಿ ದಾಟಿಸಿದರು. ಹೆರಿಗೆಯಾಗಲಿ, ಹಾವು ಕಚ್ಚಲಿ, ಆ ಹಳ್ಳಿಯವರು ಓಡುವುದು ಅಲ್ಲಿಗೇ. ಸಂಜೆಯೊಳಗೆ ಹೋಗಿಬಿಟ್ಟಳು.

ಲಸಿಕೆಯಿಂದಲೇ ಅಂತ ನಾನು ಹೇಳುತ್ತಿಲ್ಲ. (ದಯವಿಟ್ಟು ಈ ಪ್ಯಾರಾದ ಫೋಟೊ ತೆಗೆದು ವಾಟ್ಸಾಪಿಗೆ ಹರಿಬಿಡಬೇಡಿ.) ಲಸಿಕೆ ಎಷ್ಟೋ ಜೀವ ಉಳಿಸಿದೆ. ನಾನೂ ಹಾಕಿಸಿಕೊಂಡಿದ್ದೇನೆ, ಹೊಸದನ್ನೂ ಹಾಕಿಸಿಕೊಳ್ಳುತ್ತೇನೆ. ಆ ಹುಡುಗಿಗೆ ಮೊದಲೇ ಹೃದಯದ ತೊಂದರೆ ಇತ್ತೋ ಏನೋ. ಯಾರಾದರೂ ವಿಚಾರಿಸಿ, ಇಂಥದ್ದಕ್ಕೆ ಸತ್ತಳು ಅಂತ ಹೇಳಬೇಕಿತ್ತು. ಹೇಳಲಿಲ್ಲ.

"ಸೂಜಿಯಿಂದ ಅಂದ್ರೆ ಅಂಗೇ ಹೇಳ್ಬುಡಿ. ಅಲ್ಲ ಅಂದ್ರೆ ಅದನ್ನಾದ್ರೂ ಹೇಳಿ. ಅಳಿಯನ ಕಡೆಯೋರು, ನೀನೇ ಚುಚ್ಚಿಸಿ ಸಾಯಿಸ್ದೆ ಅಂತಾರೆ. ಮೊಮ್ಮಗಳ್ನ ನನ್ ಹತ್ರಕ್ಕೇ ಬುಡಲ್ಲ. ನಾ ಬಿಡ್ಡನ್ನ ನಾನೇ ಕೊಂದ್ನಾ? ಚೆಪ್ಪಂಡಿ ಮೇಡಮ್ಮ, ನಾನೇ ಕೊಂದ್ನಾ?" (ದುಃಖ ಬಂದಾಗ ಗಡಿ ಊರಿನವರ ಬಾಯಿಗೆ ತೆಲುಗೇ ಬರುವುದು: ಬಿಡ್ಡ ಅಂದರೆ ಮಗು, ಚೆಪ್ಪಂಡಿ ಅಂದರೆ ಹೇಳಿ.)

ವಿಚಾರಿಸ್ತೀನಿ ಅಂದೆ.

ವಿಚಾರಿಸಿದೆ ಕೂಡ. ಮಾರನೆಯ ದಿನ ಆರೋಗ್ಯ ಇಲಾಖೆಯ ಒಂದು ಆಫೀಸಿಗೆ ಹೋದೆ. (ಯಾವುದು ಅಂತ ಬರೆಯಲ್ಲ. ಅಲ್ಲಿ ಕೂತಿದ್ದಾತ ಒಳ್ಳೆಯ ಮನುಷ್ಯ, ರಿಟೈರ್ ಆಗೋಕೆ ಹತ್ತಿರವಿದ್ದಾನೆ.) ಕಂಪ್ಯೂಟರ್ ನೋಡಿ, "ಇದ್ದಾರೆ ಮೇಡಂ, ಸುಜಾತ. ಒಂದು ಡೋಸ್ ಆಗಿದೆ. ಎರಡನೇದು ಪೆಂಡಿಂಗ್ ತೋರಿಸ್ತಿದೆ" ಅಂದ.

"ಆಕೆ ಸತ್ತು ವರ್ಷಗಳಾದವು."

"ಹೌದಾ? ನಮ್ಮಲ್ಲಿ ಹಂಗೇನೂ ಬಂದಿಲ್ವಲ್ಲ. ಡೆತ್ ಆ ಕಡೆ ಆಗಿರಬೇಕು."

ಆ ಕಡೆಯ ಆಸ್ಪತ್ರೆಗೂ ಹೋದೆ. ಎದೆನೋವು ಅಂತ ಬಂದಿದ್ದರು, ಅದನ್ನೇ ಬರೆದುಕೊಂಡಿದ್ದೇವೆ, ಲಸಿಕೆ ಹಾಕಿದ್ದು ನಿಮ್ಮವರಲ್ಲವೇ, ಅವರನ್ನೇ ಕೇಳಿ ಅಂದರು. ಮರ್ಯಾದೆಯಾಗಿಯೇ ಅಂದರು. ಯಾರ ಮೇಲೆ ಅಂತ ಕೂಗಾಡಲಿ?

ವಾಪಸ್ ಬರುವಾಗ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಲಕ್ಷ್ಮೀದೇವಿ ಮೆಲ್ಲಗೆ ಬಾಯಿಬಿಟ್ಟಳು. "ನಾನು ಫಾರಂ ತುಂಬಿದ್ದೆ ಅತ್ತಿಗೆ. ಸೂಜಿ ಆದ್ಮೇಲೆ ಏನಾದ್ರೂ ಆದ್ರೆ ಬರೀಬೇಕಲ್ಲ, ಅದು. ನಮ್ ಏರಿಯಾದಾಗೆ ಸತ್ತಿಲ್ವಲ್ಲ, ಯಾಕೆ ತಂದೆ ಅಂದ್ರು ಆಫೀಸ್ನೋರು."

"ಆಮೇಲೆ?"

"ಆಮೇಲೇನು, ಹರಿದಾಕ್ದೆ."

ಬೈಯೋಣ ಅಂತ ಬಾಯಿ ತೆರೆದೆ, ಆದರೆ ಯಾವ ಮುಖದಿಂದ? ಅವಳಾದರೂ ಒಂದು ಫಾರಂ ತುಂಬಿದ್ದಳು. ನಾನು? ನನ್ನನ್ನು ಕೇಳಿ ಅಂತ ಬರೆದು, ಮುಂದಿನ ವಾರ ಉಪ್ಪಿನಕಾಯಿ ಬಗ್ಗೆ ಬರೆದವಳು. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಹೊಸ ಲಸಿಕೆಯ ಟ್ರೇನಿಂಗಿನಲ್ಲಿ ಇವಳ ಹಳ್ಳಿಗೆ ಚಪ್ಪಾಳೆ ಬೇರೆ ಬಿತ್ತಂತೆ, ಕಳೆದ ಸಲ ಒಂದೂ ತೊಂದರೆ ವರದಿಯಾಗದ ಊರು ಅಂತ. ಇವಳೂ ತಟ್ಟಿದಳಂತೆ. ಎಲ್ಲರೂ ತಟ್ಟುವಾಗ ಒಬ್ಬಳೇ ಕೈಕಟ್ಟಿ ಕೂರೋಕಾಗುತ್ತಾ? ಈ ಸಲದ ಫಾರಂ ಇನ್ನೂ ಉದ್ದ, ಬಣ್ಣದ ಚಾರ್ಟೂ ಕೊಟ್ಟಿದ್ದಾರೆ. ಹಾಕಿಸಿಕೊಂಡವರು ಕಾಯಿಲೆ ಬಿದ್ದು ಗಡಿ ದಾಟಿದರೆ ಏನು ಮಾಡಬೇಕು ಅಂತ ಇವಳು ಎದ್ದುನಿಂತು ಕೇಳಿದಳಂತೆ. 'ಅದನ್ನ ಆಮೇಲೆ ನೋಡೋಣ ಕೂತ್ಕೊಳಮ್ಮ' ಅಂದರಂತೆ.

ಬಾಟಲಿ ಬಂದರೆ ಲಸಿಕೆ ಬಂತು ಅಂದುಕೊಳ್ಳುತ್ತೇವೆ. ಹಾಕಿಸಿಕೊಂಡವಳ ಮನೆಗೆ ಹೋಗಿ, ಹೆಂಗಿದ್ದೀಯಮ್ಮ ಅಂತ ಕೇಳಿ, ಅವಳು ಹೇಳಿದ್ದಕ್ಕೆ ಉತ್ತರ ತಂದುಕೊಡುವುದೂ ಲಸಿಕೆಯ ಕೆಲಸವೇ ಅಲ್ಲವೇ? ನಾವು ಉತ್ತರ ಕೊಡದೆ ಬಿಟ್ಟರೆ ವಾಟ್ಸಾಪಿನವರು ಕೊಡುತ್ತಾರೆ. ಅವರಿಗೆ ಯಾವ ಗಡಿಯೂ ಇಲ್ಲ.

ನಿನ್ನೆ ಬರಿಗೈಯಲ್ಲಿ ಮತ್ತೆ ನರಸಮ್ಮನ ಮನೆಗೆ ಹೋದೆವು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲ ಕೇಳಿಸಿಕೊಂಡು, "ಹೋಗ್ಲಿ ಬುಡಿ, ನೀವಾದ್ರೂ ತಿರುಗಿದ್ರಲ್ಲ" ಅಂದು ಟೀ ಕೊಟ್ಟಳು. ಆಮೇಲೆ ಲಕ್ಷ್ಮೀದೇವಿಯ ಕಡೆ ತಿರುಗಿದಳು.

"ನನ್ ಹೆಸ್ರು ಬರ್ಕೊ ಕಣಮ್ಮ. ಈ ಊರಾಗೆ ಮೊದ್ಲು ನಾನೇ ಹಾಕುಸ್ಕೊಂತೀನಿ."

"ಇದು ಆ ಸೂಜಿ ಅಲ್ಲ ನರಸಮ್ಮ, ಬೇರೆ."

"ಯಾವ್ದಾದ್ರೇನು? ನಂಗೇನೂ ಆಗ್ಲಿಲ್ಲ ಅಂದ್ರೆ, ನೋಡ್ರಪ್ಪ, ಸೂಜಿಯಿಂದ ಯಾರೂ ಸಾಯಲ್ಲ ಅಂತ ಅಳಿಯನ ಮನೆಗೆ ಹೋಗಿ ತೋಳು ತೋರಿಸ್ತೀನಿ. ಮೊಮ್ಮಗಳ್ನ ಕಳುಸ್ತಾರೇನೋ. ಏನಾದ್ರೂ ಆಯ್ತೋ, ನನ್ನ ಮಾತ್ರ ಆ ಕಡೆ ಸಾಗಿಸ್ಬ್ಯಾಡ್ರಿ. ಈ ಕಡೇನೇ ಸಾಯ್ತೀನಿ. ಆಗಾದ್ರೂ ಯಾರಾದ್ರೂ ಬಂದು ಯಾಕೆ ಅಂತ ನೋಡ್ತಾರೆ."

ಹಾಗೆಲ್ಲ ಸಾಬೀತಾಗಲ್ಲ ನರಸಮ್ಮ ಅಂತ ಹೇಳಬೇಕಿತ್ತು, ಟೀ ಕುಡಿದು ಲೋಟ ಕೆಳಗಿಟ್ಟೆ. ಲಕ್ಷ್ಮೀದೇವಿ ತಲೆ ತಗ್ಗಿಸಿಕೊಂಡು ಹೆಸರು ಬರೆದುಕೊಂಡಳು.

ನಾವು ಯಾರೂ ಮಾಡದ ತನಿಖೆಯನ್ನು ಆ ತಾಯಿ ಈಗ ತನ್ನ ಮೈಮೇಲೆ ಮಾಡಿಕೊಳ್ಳಬೇಕಾ?