ಚಿಗವ್ವನ ಅರ್ಜಿ

ಚಿಗವ್ವನ ತುಟಿಯ ಎಡತುದಿಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬಲತುದಿಯಿಂದ ಮಾತಾಡುವಳು. ಹೊಸಬರಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ, ನಮ್ಮ ಓಣಿಯವರಿಗೆ ಅದು ರೂಢಿಯಾಗಿತ್ತು. ಸೂಜಿ ತೆಗೆದು ಮಷೀನಿನ ಮೇಲಿಟ್ಟಳೆಂದರೆ ಮಾತ್ರ, ಏನೋ ದೊಡ್ಡ ವಿಷಯ ಇದೆ ಎಂದು ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು.

ಆಕೆ ನನ್ನ ಅವ್ವನ ತಂಗಿಯೇನಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆಯವಳು. ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ತವರು ಅಡರಕಟ್ಟಿ. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಮದುವೆ ಮಾಡಿ ಕಳಿಸಿದ್ದರು. ಆದರೂ ಓದಿನ ಹುಚ್ಚು ಬಿಟ್ಟಿರಲಿಲ್ಲ. ಕಿರಾಣಿ ಸಾಮಾನು ಕಟ್ಟಿ ಬಂದ ಪೇಪರು, ಔಷಧಿ ಡಬ್ಬಿಯೊಳಗಿನ ಚೀಟಿ, ಏನು ಸಿಕ್ಕರೂ ಓದುವಳು, ಓದಿ ಸುಮ್ಮನೆ ಇರುವವಳೂ ಅಲ್ಲ. "ಈ ಸುದ್ದಿ ಬರದಾಂವ ಅರ್ಧ ನಿದ್ದ್ಯಾಗ ಬರದಾನ ನೋಡು," ಎಂದು ತಪ್ಪು ಹುಡುಕಿ ನಗುವಳು.

ನಾನು ಗದಗಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಅಂಥದೇ ಒಂದು ಪೇಪರಿನಲ್ಲಿ ಮುಕ್ತ ವಿಶ್ವವಿದ್ಯಾಲಯದ ಪ್ರಕಟಣೆ ಆಕೆಯ ಕಣ್ಣಿಗೆ ಬಿತ್ತು. ಮನೆಯಲ್ಲೇ ಓದಿ ಪದವಿ ಪಡೆಯಬಹುದು ಎಂದಿತ್ತು. ಚಿಗವ್ವ ನನ್ನನ್ನು ಕರೆದು, ಬಾಯಿಂದ ಸೂಜಿ ತೆಗೆದಳು.

"ನನ್ನ ಮಗಳ ಶಾಲಿ ಫಾರ್ಮಿನ್ಯಾಗ ತಾಯಿ ಎಷ್ಟು ಕಲ್ತಾಳ ಅಂತ ಒಂದು ಕಾಲಂ ಇರ್ತೈತಿ. ಅಲ್ಲೆ ಪಿಯುಸಿ ಅಂತ ಬರದು ಬರದು ಬ್ಯಾಸರಾಗೇತಿ. ನಾ ಬಿ.ಎ. ಆಗಬೇಕವಾ."

ಆಗ ಆಕೆಗೆ ನಲವತ್ತೊಂದು. ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಕಾಕಾ ನಕ್ಕ, ಆದರೆ ಬೇಡ ಅನ್ನಲಿಲ್ಲ. ನನ್ನ ಫೋನಿನಲ್ಲೇ ಅರ್ಜಿ ತುಂಬಿದೆವು. ಅದರ ಪ್ರಿಂಟು ತೆಗೆಸಿ, ಮಾರ್ಕ್ಸ್ ಕಾರ್ಡು, ಟಿ.ಸಿ. ಜೊತೆ ಗದಗಿನ ಅಧ್ಯಯನ ಕೇಂದ್ರಕ್ಕೆ ಮುಟ್ಟಿಸಬೇಕಿತ್ತು. ಆ ಕೆಲಸ ನಾನೇ ಹೊತ್ತುಕೊಂಡೆ. ಆಕೆ ಕೇಳಿರಲಿಲ್ಲ. "ಮದುವಿ ಸೀಸನ್ನಿನ್ಯಾಗ ನೀ ಯಾಕ ಹೊಲಿಗಿ ಬಿಟ್ಟು ಬರ್ತಿ? ನಾ ದಿನಾ ಹೋಗಾಕಿ, ಕೊಟ್ಟು ಬರ್ತೀನಿ," ಎಂದು ದೊಡ್ಡಸ್ತಿಕೆ ಮಾಡಿದವಳು ನಾನು. ಆಕೆ ಜಂಪರಿನ ಅಸ್ತರ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಕಾಗದಗಳನ್ನು ಅದರಲ್ಲಿಟ್ಟು, ಕೂಸನ್ನು ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟಳು.

ಎಂಟು ದಿನ ಆ ಚೀಲ ನನ್ನ ಬ್ಯಾಗಿನಲ್ಲೇ ಇತ್ತು. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವ ದಾರಿಯಿಂದ ಸ್ವಲ್ಪ ಹೊರಳಿದರೆ ಕೇಂದ್ರ. ನಾಳೆ ಕೊಟ್ಟರಾಯಿತು, ನಾಳೆ ಕೊಟ್ಟರಾಯಿತು. ಕೊನೆಯ ದಿನ ಗೆಳತಿಯರು ಲಕ್ಕುಂಡಿಗೆ ಹೊರಟರು. ಒಬ್ಬಳ ಹುಟ್ಟುಹಬ್ಬ, ಬಾವಿಯ ಮೆಟ್ಟಿಲ ಮೇಲೆ ಫೋಟೋ ತೆಗೆಯಬೇಕಂತೆ. ಮೂರಕ್ಕೆ ವಾಪಸ್ ಬಂದು ಕೊಟ್ಟರಾಯಿತು ಎಂದುಕೊಂಡು ಹೋದೆ. ಎಂಥ ಖೋಡಿ ಬುದ್ಧಿ! ಗದಗಿಗೆ ಮರಳಿದಾಗ ಐದೂವರೆ. ಕೇಂದ್ರದ ಬಾಗಿಲಿಗೆ ಬೀಗ.

ಬಸ್ಸಿನಲ್ಲಿ ಬರುವಾಗ ನಿಜವನ್ನೇ ಹೇಳುತ್ತೇನೆ ಎಂದುಕೊಂಡಿದ್ದೆ, ಖರೆ. ಆದರೆ ಚಿಗವ್ವ ಹೊಸ್ತಿಲಲ್ಲೇ ನಿಂತಿದ್ದಳು. ಹಿಂದೆ ಕಾಕಾ, ಜಂಪರು ಒಯ್ಯಲು ಬಂದಿದ್ದ ಇಬ್ಬರು ಹೆಂಗಸರು. ಒಳಗಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. "ಏನಂದ್ರು?" ಎಂದು ಎಲ್ಲರೆದುರಿಗೆ ಕೇಳಿದಳು.

"ವಯಸ್ಸು ಮೀರೇತಂತ ಚಿಗವ್ವ. ನಲವತ್ತರ ಮ್ಯಾಲಿನವರನ್ನ ತಗೊಳ್ಳೂದಿಲ್ಲಂತ."

ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಅರವತ್ತರವರಿಗೂ ಪ್ರವೇಶವಿತ್ತು. ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಚಿಗವ್ವ ಚೀಲ ಬಿಚ್ಚಿ ಕಾಗದಗಳನ್ನು ಒಂದೊಂದೇ ನೋಡಿದಳು. "ಮಾರ್ಕ್ಸ್ ಕಾರ್ಡು ಒಂಚೂರೂ ಮುದುರಿಲ್ಲ ನೋಡು, ಎಷ್ಟು ಜ್ವಾಕೀಲೆ ತಿರುಗಿ ಕೊಟ್ಟಾರ. ಛಲೋ ಮಂದಿ, ಪಾಪ," ಎಂದಳು. ನಾನು ಆ ಹುಗ್ಗಿಯನ್ನು ಉಂಡೇ ಮನೆಗೆ ಹೋದೆ.

ಅಂದಿನಿಂದ ಕಾಕಾನಿಗೆ ಒಂದು ಚೇಷ್ಟೆಯ ಮಾತು ಸಿಕ್ಕಿತು. "ಏ ಮುದುಕಿ, ಚಾ ಮಾಡು. ಯೂನಿವರ್ಸಿಟಿಯವರ ನಿನಗ ಮುದುಕಿ ಅಂದಾರ, ಇನ್ನ ನಾ ಅಂದ್ರ ಏನು?" ಕೆಟ್ಟ ಮನುಷ್ಯನಲ್ಲ, ಬರೀ ಚೇಷ್ಟೆ. ಚಿಗವ್ವನೂ ನಗುತ್ತಿದ್ದಳು. ಆದರೆ ಕಿರಾಣಿ ಪೇಪರನ್ನು ಓದದೇ ಮಡಚಿಡತೊಡಗಿದಳು. "ವಯಸ್ಸಾತು, ಕಣ್ಣು ಸೋಲ್ತಾವ," ಎನ್ನುವಳು. ಸೂಜಿಗೆ ದಾರ ಪೋಣಿಸಲು ಸೋಲದ ಕಣ್ಣು ಓದಲು ಸೋಲುತ್ತಿತ್ತು. ನಾನು ಆಕೆಯ ಮನೆ ಮುಂದೆ ಹಾಯುವಾಗ ಸುಮ್ಮನೆ ಫೋನು ಕಿವಿಗೆ ಹಿಡಿದುಕೊಳ್ಳುತ್ತಿದ್ದೆ.

ಆ ವರ್ಷವೇ ನಾನು ಎಂ.ಎ.ಗೆ ಅರ್ಜಿ ಹಾಕಬೇಕಾಯಿತು. ಚಿಗವ್ವನಿಗೆ ಖಬರು ಹತ್ತಿತು. "ತಗೊಂಡ ಬಾ ಇಲ್ಲೆ, ನಾ ಒಮ್ಮಿ ನೋಡ್ತೀನಿ," ಎಂದಳು. ತನ್ನನ್ನು ಬೇಡ ಅಂದಿದ್ದಾರೆ ಎಂದು ನಂಬಿದವಳು, ನನ್ನ ಅರ್ಜಿ ನೋಡಲು ಕುಳಿತಳು! ಅಳತೆ ಟೇಪನ್ನು ಪ್ರಿಂಟಿನ ಮೇಲೆ ಅಡ್ಡ ಇಟ್ಟು, ಒಂದೊಂದೇ ಸಾಲು ಕೆಳಗೆ ಸರಿಸುತ್ತ, ಮಾರ್ಕ್ಸ್ ಕಾರ್ಡಿನೊಂದಿಗೆ ತಾಳೆ ನೋಡಿದಳು. ಆರನೆಯ ಸಾಲಿಗೆ ಟೇಪು ನಿಂತಿತು.

"ಲೇ ಹುಡುಗಿ, ರಜಿಸ್ಟರ್ ನಂಬರಿನ್ಯಾಗ ಇಲ್ಲೆ ಮೂರು ಐತಿ, ಅಲ್ಲೆ ಎಂಟು ಐತಿ. ಯಾವುದು ಖರೆ?"

ಎಂಟು ನಿಜ. ನಾನು ನಾಲ್ಕು ಸಲ ನೋಡಿ ಸರಿ ಇದೆ ಎಂದುಕೊಂಡಿದ್ದೆ. ಅದೇ ದಿನ ತಿದ್ದಿಸಿದೆವು. ಕೊನೆಯ ತಾರೀಖಿಗೆ ಇನ್ನೂ ವಾರವಿತ್ತು, ನಾಳೆ ಹೋಗಿ ಕೊಡುತ್ತೇನೆ ಎಂದರೆ ಆಕೆ ಬಿಡಲಿಲ್ಲ. "ಇವತ್ತ ಹೋಗು. ನಾಳೆ ಅನಬ್ಯಾಡ," ಎಂದು ಬಸ್ಸಿನತನಕ ಬಂದು ಹತ್ತಿಸಿದಳು. ನಾನು ಕಿಟಕಿಯಿಂದ ಕೈ ಬೀಸಿದೆ.

ಸೀಟು ಸಿಕ್ಕಿತು. ಮೊದಲ ರಜೆಗೆ ಊರಿಗೆ ಬಂದಾಗ ಚಿಗವ್ವ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಬಾಯಿಯ ಸೂಜಿ ತೆಗೆದಳು.

"ಬೆಳ್ಳಟ್ಟಿಯಾಕಿ ಒಬ್ಬಾಕಿ ಜಂಪರಿನ ಅಳತಿ ಕೊಡಾಕ ಬಂದಿದ್ಲು. ಐವತ್ತರಾಕಿ, ಅಂಗನವಾಡಿ ಟೀಚರು. ಆಕಿ ಈಗ ಬಿ.ಎ. ಫಸ್ಟ್ ಇಯರ್ ಅಂತ, ಅದ ಯೂನಿವರ್ಸಿಟಿ. ಆಕಿನ್ನ ತಗೊಂಡಾರ. ನನ್ನ ಯಾಕ ಬ್ಯಾಡ ಅಂದ್ರು?"

ದೇವರೇ ಬಾಗಿಲು ತೆಗೆದುಕೊಟ್ಟಿದ್ದ. ಹೇಳಿಬಿಟ್ಟಿದ್ದರೆ ಮುಂದಿನ ವರ್ಷವೇ ಅರ್ಜಿ ಹಾಕಬಹುದಿತ್ತು. ನಾನು ಏನು ಹೇಳಿದೆ ಗೊತ್ತೇ? "ಆಕಿ ನೌಕರಿದಾಕಿ ಚಿಗವ್ವ, ಅವರಿಗೆ ನಿಯಮ ಬ್ಯಾರೆ." ಮೊದಲ ಸುಳ್ಳು ಅಂಜಿಕೆಯಿಂದ ಬಂದದ್ದು ಎಂದಾದರೂ ಹೇಳಿಕೊಳ್ಳಬಹುದು. ಎರಡನೆಯದನ್ನು ನಾನು ಯೋಚನೆ ಮಾಡಿಯೇ ಹೇಳಿದೆ. ನನ್ನ ಒಳ್ಳೆಯ ಹೆಸರು ಕೆಡಬಾರದಿತ್ತು, ಅಷ್ಟೇ.

"ಖರೆ ಬಿಡು, ನೌಕರಿದಾರರದು ಬ್ಯಾರೇನ ಇರ್ತೈತಿ," ಎಂದು ಚಿಗವ್ವ ಮಷೀನು ತುಳಿಯತೊಡಗಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆರು ವರ್ಷ ಹಾಗೇ ಹೋದವು. ನಾನು ಮುಂಡರಗಿಯಲ್ಲಿ ಅತಿಥಿ ಉಪನ್ಯಾಸಕಿಯಾದೆ. ಪ್ರತಿ ವರ್ಷ ಮಕ್ಕಳ ಅರ್ಜಿಗಳನ್ನು ನಾನೇ ಕುಳಿತು ತುಂಬಿಸುತ್ತೇನೆ, ತಾರೀಖು ಮುಗಿಯುವ ಒಂದು ವಾರ ಮುಂಚೆಯೇ ಬೈದು ಕಳಿಸುತ್ತೇನೆ. ಹುಡುಗಿಯರು ನನ್ನನ್ನು ಬಹಳ ಕಾಳಜಿಯ ಮೇಡಂ ಅನ್ನುತ್ತಾರೆ. ಕೇಳಿದಾಗೆಲ್ಲ ನೆಲ ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಚಿಗವ್ವನ ಎರಡೂ ಕಿಡ್ನಿ ಸೋತವು. ಗದಗಿನ ಆಸ್ಪತ್ರೆಗೆ ಹೋದಾಗ ಆಕೆಯ ಮುಖ ಬಾತಿತ್ತು, ಕೈ ಸಣ್ಣಗಾಗಿತ್ತು. ಕಾಕಾ ಔಷಧಿ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಂಚದ ಅಂಚಿಗೆ ಕುಳಿತು, ಕ್ಷೇಮಸಮಾಚಾರವನ್ನೂ ಕೇಳದೆ ಹೇಳಿಬಿಟ್ಟೆ.

"ಚಿಗವ್ವ, ಆವಾಗ ನಿನ್ನ ಅರ್ಜಿ ನಾ ಕೊಟ್ಟ ಇರ್ಲಿಲ್ಲ. ಲಕ್ಕುಂಡಿಗೆ ಫೋಟೋ ತಗೊಳ್ಳಾಕ ಹೋಗಿ ತಾರೀಖು ದಾಟಿಸಿದೆ. ವಯಸ್ಸಿನ ಮಾತು ನಾ ಹುಟ್ಟಿಸಿದ್ದು. ನೌಕರಿ ಮಾತೂ ಸುಳ್ಳು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

"ಅಂದ್ರ... ಅವರು ನನ್ನ ಬ್ಯಾಡ ಅಂದಿರ್ಲಿಲ್ಲ?"

"ಇಲ್ಲ ಚಿಗವ್ವ. ಅವರು ನಿನ್ನ ಅರ್ಜಿ ನೋಡೇ ಇಲ್ಲ."

ಬಾತ ಮುಖದಲ್ಲಿ ಒಂದು ಬೆಳಕು ಬಂತು. ಮೊಣಕೈ ಊರಿ ಮೇಲೆದ್ದು ಬಾಗಿಲಿನ ಕಡೆ ಕೂಗಿದಳು. "ರೀ, ಇಲ್ಲೆ ಬರ್ರಿ ಜಲ್ದಿ. ಕೇಳಿದ್ರ್ಯಾ? ನನ್ನ ಯಾರೂ ಬ್ಯಾಡ ಅಂದಿರ್ಲಿಲ್ಲಂತ!"

ಕಾಕಾನಿಗೆ ಏನೂ ತಿಳಿಯಲಿಲ್ಲ. "ಆತು, ಆತು, ಮಲ್ಕೊ," ಎಂದು ಹೊದಿಕೆ ಸರಿ ಮಾಡಿದ. ನಾನು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದೆ. ಕ್ಷಮಿಸು ಎಂದು ಕೇಳುವ ಮುಖ ನನಗಿರಲಿಲ್ಲ, ಕೇಳಲೂ ಇಲ್ಲ.

"ಈ ವರ್ಷ ಅರ್ಜಿ ಯಾವಾಗ ಕರೀತಾರ?" ಎಂದಳು ಚಿಗವ್ವ.

"ಜುಲೈದಾಗ."

"ಈ ಸಲ ನಾನ ಹೋಗಿ ಕೊಡ್ತೀನಿ. ನಿನ್ನ ಕೈಯಾಗ ಕೊಡೂದಿಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಜೂನ್ ಮುಗಿಯುವ ಮೊದಲೇ ತೀರಿಹೋದಳು.