ಹೊರಗಿನ ಬೀಗ

ಇದನ್ನು ಬರೆಯುವುದನ್ನು ತುಂಬಾ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಮೊದಲು ಮಕ್ಕಳು ಚಿಕ್ಕವರು, ಓದಿದರೆ ಏನೆಂದುಕೊಂಡಾರು ಎಂಬ ನೆಪ ಇತ್ತು. ಆಮೇಲೆ ಕಣ್ಣಿನ ಪೊರೆಯ ನೆಪ ಬಂತು. ಪೊರೆ ತೆಗೆಸಿದ ಮೇಲೆ ಅದೂ ಮುಗಿಯಿತು. ಈಗ ಉಳಿದಿರುವುದು ಬರೀ ಸುಸ್ತು. ಅದು ಹೋಗುವಂಥದ್ದಲ್ಲವಾದ್ದರಿಂದ ಅದರಲ್ಲೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ನಲ್ಲಿ, ಕಕ್ಕಸು ಎಲ್ಲ ಹೊರಗೆ, ಎಲ್ಲರಿಗೂ ಸೇರಿದ್ದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲೇ ಹತ್ತಿರದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಬೋಲ್ಟು, ನಟ್ಟು, ಗ್ರೀಸಿನ ಡಬ್ಬ ಎಣಿಸಿ ಕೊಡುವ ಕೆಲಸ. ಜೊತೆಗೆ ಕಥೆ ಬರೆಯುವ ಚಟ. ಚಟ ಎಂದೇ ಹೇಳುತ್ತೇನೆ. ಕೆಲವರು ಬೀಡಿ ಬಿಡಲಾರದಂತೆ ನಾನು ಅದನ್ನು ಬಿಡಲಾರದವನಾಗಿದ್ದೆ. ಒಂದೆರಡು ಕಥೆ ವಾರಪತ್ರಿಕೆಯಲ್ಲಿ ಬಂದ ಮೇಲಂತೂ ಹೇಳುವುದೇ ಬೇಡ.

ಆದರೆ ವಠಾರದಲ್ಲಿ ಬರೆಯುವುದು ಸುಲಭವಲ್ಲ. ಮಣೆ ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಬರೆಯುವಷ್ಟರಲ್ಲಿ ಯಾರಾದರೂ ಬಾಗಿಲಲ್ಲಿ ಇಣುಕುತ್ತಿದ್ದರು. ಒಬ್ಬರಿಗೆ ಹೆಪ್ಪು ಬೇಕು, ಒಬ್ಬರಿಗೆ ಸ್ಪ್ಯಾನರ್ ಬೇಕು, ಇನ್ನೊಬ್ಬರಿಗೆ ಅರ್ಜಿ ಬರೆಸಿಕೊಳ್ಳಬೇಕು. "ಸುಮ್ನೆ ಕೂತಿದೀರಲ್ಲ ಸಾರ್, ಅದಕ್ಕೇ ಬಂದೆ" ಎನ್ನುತ್ತಿದ್ದರು. ಬರೆಯುತ್ತ ಕೂತವನು ಅವರ ಕಣ್ಣಿಗೆ ಸುಮ್ಮನೆ ಕೂತವನೇ.

ಉಪಾಯ ಹೊಳೆದದ್ದು ನನಗೇ. ನಮ್ಮ ಕಾರ್ಖಾನೆಗೆ ಗುರುವಾರ ರಜೆ. ಅಂದು ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಹೆಂಡತಿ ಮಾಗಡಿ ರಸ್ತೆಯ ಒಂದು ಹೊಲಿಗೆ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವ ಕೆಲಸಕ್ಕೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದಳು. ಹೋಗುವಾಗ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗು ಎಂದೆ. ನನ್ನ ಚಪ್ಪಲಿ ಒಳಗೆ, ಕಿಟಕಿ ಮುಚ್ಚಿ, ಸೆಕೆಗೆ ಒಂದು ಹಳೆಯ ಫ್ಯಾನು. ಮಾಡಿನಲ್ಲಿದ್ದ ಒಂದು ಗಾಜಿನ ಹೆಂಚಿನಿಂದ ಮಣೆಗೆ ಸಾಕಾಗುವಷ್ಟು ಬೆಳಕು ಬೀಳುತ್ತಿತ್ತು. ಹೊರಗೆ ಹೋಗಲಾಗದ್ದರಿಂದ ಬೆಳಗ್ಗೆಯಿಂದಲೇ ನೀರು ಕಡಿಮೆ ಕುಡಿಯುತ್ತಿದ್ದೆ.

"ಯಾರಾದ್ರೂ ನೋಡಿದ್ರೆ ಏನಂತಾರೆ? ಗಂಡನ್ನ ಕೂಡಿ ಹಾಕಿ ಹೋಗ್ತಾಳೆ ಅಂತಾರೆ" ಎಂದು ಅವಳು ಮೊದಲ ಸಲ ನಕ್ಕಿದ್ದಳು.

"ನೋಡೋಕೆ ನಾನು ಕಾಣಿಸಿದ್ರೆ ತಾನೆ" ಎಂದೆ.

ಅದು ಅಭ್ಯಾಸವಾಯಿತು. ಗುರುವಾರ ನಾನು ಊರಲ್ಲೇ ಇರುವುದಿಲ್ಲ ಎಂದು ವಠಾರವೆಲ್ಲ ನಂಬಿತು.

ಆ ವರ್ಷ ದೀಪಾವಳಿ ವಿಶೇಷ ಸಂಚಿಕೆಗೆ ಕಥೆ ಕಳಿಸಬೇಕಿತ್ತು. ಕಥೆಯ ಕೊನೆ ಕೂಡಿಬರುತ್ತಿರಲಿಲ್ಲ. ಒಂದು ಗುರುವಾರ ಅದು ಕೂಡಿಬರುವ ಹಾಗೆ ಕಂಡಿತು. ಅಂಥ ಹೊತ್ತಿನಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನಾನು ಅಲುಗಲಿಲ್ಲ. ಬೀಗ ನೋಡಿ ಹೋಗುತ್ತಾರೆ ಎಂದುಕೊಂಡೆ.

"ಯಾರೂ ಇಲ್ವೇನ್ರೀ ಇವರ ಮನೇಲಿ?"

ಅಕ್ಕನ ದನಿ. ಕೆಂಗೇರಿಯಿಂದ ಬಂದಿದ್ದಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಇಟ್ಟುಕೊಂಡು ಇದ್ದಳು.

"ಬೀಗ ಹಾಕಿದೆಯಲ್ಲಮ್ಮ" ಎಂದರು ಎದುರು ಮನೆಯಾಕೆ. "ಆಕೆ ಕೆಲಸಕ್ಕೆ ಹೋಗಿದಾರೆ. ಯಜಮಾನ್ರು ಗುರುವಾರ ಬಂತು ಅಂದ್ರೆ ಎಲ್ಲಿಗೋ ಹೊರಟುಬಿಡ್ತಾರೆ. ಅದೇನೋ ಕಥೆಗಿಥೆ ಬರೀತಾರಂತಲ್ಲ."

"ಹೂಂ ಕಣಮ್ಮ, ಬರೀತಾನೆ. ಪೇಪರ್‌ನಲ್ಲಿ ಹೆಸರು ಬರುತ್ತೆ."

"ನಿಮ್ಮನ್ನೂ ಕಥೇಲಿ ಹಾಕಿದಾರಾ?"

"ನನ್ನ ಹಾಕಿದ್ರೆ ಓದೋರಿಗೆ ನಿದ್ದೆ ಬರುತ್ತೆ ಅಷ್ಟೆ."

ಇಬ್ಬರೂ ನಕ್ಕರು. ಅಕ್ಕ ನಮ್ಮ ಬಾಗಿಲಿನ ಮುಂದಿನ ಕಟ್ಟೆಯ ಮೇಲೆ ಕೂತಳು. ನನಗೂ ಅವಳಿಗೂ ನಡುವೆ ಇದ್ದದ್ದು ಒಂದು ಹಲಗೆಯ ಬಾಗಿಲು. ಅವಳು ಉಸಿರು ಬಿಟ್ಟದ್ದು ಕೇಳಿಸುತ್ತಿತ್ತು. ಬಸ್ ಸ್ಟಾಪಿನಿಂದ ಬೇಗ ಬೇಗ ನಡೆದು ಬಂದಿರಬೇಕು.

"ಏನಮ್ಮ, ಅರ್ಜೆಂಟಾ?" ಎಂದರು ಎದುರು ಮನೆಯಾಕೆ.

"ಮಗಳನ್ನ ನೋಡೋಕೆ ಬರ್ತಾರೆ. ಭಾನುವಾರ ಬರ್ತೀವಿ ಅಂದಿದ್ರು, ಈಗ ಬೆಳಗ್ಗೆ ಹೇಳಿ ಕಳಿಸಿದಾರೆ, ಇವತ್ತೇ ಸಾಯಂಕಾಲ ಅಂತ. ಹುಡುಗ ಒಳ್ಳೆಯೋನು. ಮನೇಲಿ ಗಂಡಸು ಅಂತ ಒಬ್ಬರಿಲ್ಲ ನೋಡಿ. ಸೋದರಮಾವ ಬಂದು ಎದುರಿಗೆ ಕೂತ್ಕೊಂಡ್ರೆ ನಾಲ್ಕು ಮಾತಾಡ್ತಾನೆ. ನಾನು ಏನು ಮಾತಾಡ್ಲಿ? ಬಾಗಿಲ ಸಂದೀಲಿ ನಿಂತ ಹೆಂಗಸಿನ ಮಾತು ಹೊಸಲು ದಾಟಲ್ಲ."

ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಹೇಳಬೇಕು. ಆ ಕೊನೆಯ ಮಾತನ್ನು ಬರೆದುಕೊಂಡೆ. ನನ್ನ ಕಥೆಯಲ್ಲೂ ಒಬ್ಬ ವಿಧವೆ ಇದ್ದಳು. ಅವಳ ಬಾಯಲ್ಲಿ ಇಡಲು ಒಂದು ಮಾತು ಸಿಗದೆ ಒದ್ದಾಡುತ್ತಿದ್ದೆ. ಅಕ್ಕ ಹೊರಗೆ ಕೂತು ತಾನಾಗಿ ಕೊಟ್ಟುಬಿಟ್ಟಳು.

ಕೂಗಬಹುದಿತ್ತು. "ಅಕ್ಕ, ಒಳಗಿದೀನಿ, ಹೊಲಿಗೆ ಅಂಗಡಿಗೆ ಹೋಗಿ ಬೀಗದ ಕೈ ತಗೊಂಡು ಬಾ" ಎಂದಿದ್ದರೆ ಸಾಕಿತ್ತು. ಎದುರು ಮನೆಯಾಕೆಗೆ ಗುಟ್ಟು ತಿಳಿಯುತ್ತಿತ್ತು, ಸಂಜೆಯೊಳಗೆ ವಠಾರವೆಲ್ಲ ನಗುತ್ತಿತ್ತು. ಆ ನಾಚಿಕೆಗೆ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಚಿಕೆ ಇದ್ದದ್ದು ನಿಜ. ಆದರೆ ಅದಕ್ಕಿಂತ ಮೊದಲು ಕಥೆ ಇತ್ತು. ಮಧ್ಯಾಹ್ನ ಹೆಂಡತಿ ಬರುತ್ತಾಳೆ, ಆಮೇಲೆ ಹೊರಟರೂ ಸಂಜೆಗೆ ಕೆಂಗೇರಿ ಸೇರಬಹುದು, ಅಷ್ಟರಲ್ಲಿ ಇದು ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ.

ಅಕ್ಕ ತುಂಬಾ ಹೊತ್ತು ಕಾದಳು. ಎದುರು ಮನೆಯಾಕೆ ಕೊಟ್ಟ ಕಾಫಿ ಕುಡಿದಳು. "ಅಡುಗೆಗೆ ಏನೂ ಆಗಿಲ್ಲ, ಹೋಗ್ತೀನಿ ಕಣಮ್ಮ. ಬಂದ ತಕ್ಷಣ ಕಳಿಸಿ" ಎಂದು ಎದ್ದಳು. ಹೋಗುವ ಮೊದಲು ಬೀಗವನ್ನು ಒಮ್ಮೆ ಎಳೆದು ನೋಡಿದಳು.

ಅಂದೇ ಅಂಗಡಿಯಲ್ಲಿ ಯಾವುದೋ ಮದುವೆಯ ಬಟ್ಟೆ ಮುಗಿಸಬೇಕೆಂದು ಹೆಂಡತಿಯನ್ನು ನಿಲ್ಲಿಸಿಕೊಂಡರು. ಮಕ್ಕಳು ಸ್ಕೂಲಿನಿಂದ ಬಂದು ಹೊರಗೆ ಆಡುತ್ತಿದ್ದರು. ಅವಳು ಬಂದು ಬೀಗ ತೆಗೆದಾಗ ಗಾಜಿನ ಹೆಂಚಿನ ಬೆಳಕು ಹೋಗಿತ್ತು.

"ಅತ್ತಿಗೆ ಬಂದಿದ್ರಂತೆ" ಎಂದಳು.

"ಹೂಂ."

"ಕೇಳಿಸ್ತಾ ನಿಮಗೆ?"

ನಾನು ಹಾಳೆಗಳನ್ನು ಜೋಡಿಸತೊಡಗಿದೆ. ಅವಳು ನನ್ನನ್ನೂ ಹಾಳೆಗಳನ್ನೂ ನೋಡಿದಳು. ಬೆಳಗ್ಗೆಯಿಂದ ಬಗ್ಗಿ ಹೊಲಿದಿದ್ದ ಅವಳ ಕಣ್ಣು ಕೆಂಪಗಿತ್ತು. "ಏಳಿ. ಶರ್ಟ್ ಹಾಕ್ಕೊಳ್ಳಿ" ಎಂದಷ್ಟೇ ಹೇಳಿ, ಮಕ್ಕಳನ್ನು ಎದುರು ಮನೆಯಲ್ಲಿ ಬಿಟ್ಟು ಬಂದಳು. ಮುಖ ಕೂಡ ತೊಳೆಯಲಿಲ್ಲ.

ಬಸ್ಸು ಬದಲಾಯಿಸಿ ಕೆಂಗೇರಿ ತಲುಪಿದಾಗ ಗಂಡಿನ ಕಡೆಯವರು ಹೋಗಿಯಾಗಿತ್ತು. ಜಮಖಾನೆ ಹಾಸಿದ ಹಾಗೇ ಇತ್ತು. ಅರ್ಧಂಬರ್ಧ ತಿಂದು ಬಿಟ್ಟ ಕೇಸರಿಬಾತಿನ ತಟ್ಟೆಗಳು ಅಲ್ಲೇ ಇದ್ದವು. ಅಕ್ಕನ ಮಗಳು ರೇಷ್ಮೆ ಸೀರೆಯಲ್ಲೇ ಒಲೆಯ ಮುಂದೆ ಕೂತಿದ್ದಳು.

"'ನಿಮ್ಮ ಕಡೆ ಮಾತಾಡೋರು ಯಾರಾದ್ರೂ ಬಂದಾಗ ಹೇಳಿ ಕಳಿಸಿ' ಅಂದ್ರು" ಎಂದಳು ಅಕ್ಕ. ಆಮೇಲೆ ನನ್ನನ್ನು ಕೇಳಲಿಲ್ಲ. ಹೆಂಡತಿಯನ್ನು ಕೇಳಿದಳು. "ಎಲ್ಲಿಗೆ ಹೋಗಿದ್ದ ಇವನು?"

ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು. "ನಾನೇ ಅತ್ತಿಗೆ. ನಮ್ಮ ತವರಲ್ಲಿ ಸ್ವಲ್ಪ ಕೆಲಸ ಇತ್ತು, ಬೆಳಗ್ಗೇನೇ ಕಳಿಸಿದ್ದೆ."

"ಓಹೋ, ತವರಿಗೆ. ಆ ಕಡೆಗಾದ್ರೆ ಬಸ್ಸು ಸಿಗುತ್ತೆ, ಅಲ್ವೇನಮ್ಮ?"

ಅವಳು ತಲೆ ತಗ್ಗಿಸಿದಳು. ನಾನು ಜಮಖಾನೆಯ ಅಂಚು ನೋಡುತ್ತ ನಿಂತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಎಚ್ಚರವಿದ್ದರೆ ಏನಾದರೂ ಹೇಳುತ್ತಿದ್ದೆನೇನೋ ಎಂದು ಬರೆಯಬೇಕೆನ್ನಿಸುತ್ತದೆ. ಹೇಳುತ್ತಿರಲಿಲ್ಲ. ನಿದ್ದೆ ಬಂತಲ್ಲ ಎಂದು ನನಗೆ ಹಗುರವೇ ಆಗಿತ್ತು.

ಗಂಡಿನ ಕಡೆಯವರು ಮತ್ತೆ ಬರಲಿಲ್ಲ.

ಮುಂದಿನ ಗುರುವಾರ ಅವಳು ಬೀಗ ಹಿಡಿದು ಬಾಗಿಲಲ್ಲಿ ನಿಂತಳು. "ಹಾಕ್ಲಾ?" ಎಂದಳು. ಕಥೆಯನ್ನು ಇನ್ನೊಮ್ಮೆ ತಿದ್ದಿ ಬರೆಯಬೇಕಿತ್ತು. "ಹಾಕು" ಎಂದೆ.

ಕಥೆ ಅಚ್ಚಾಯಿತು. ವಿಧವೆಯ ಆ ಮಾತು ಬಹಳ ಚೆನ್ನಾಗಿದೆ ಎಂದು ಯಾರೋ ಓದುಗರು ಮೆಚ್ಚಿದರು.

ಅಕ್ಕನ ಮಗಳಿಗೆ ಎರಡನೆಯ ಸಂಬಂಧ ಕೂಡಿಬರಲು ತಡವಾಯಿತು. ಮೊದಲಿನವನಷ್ಟು ಅನುಕೂಲಸ್ಥನಲ್ಲ. ಮದುವೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರುವುದು ಸೋದರಮಾವ, ಪಕ್ಕದಲ್ಲಿ ಕಳಶ ಹಿಡಿದು ಸೋದರತ್ತೆ, ಅಂದರೆ ಅವನ ಹೆಂಡತಿ, ಇರಬೇಕು. ಅದು ನಮ್ಮಲ್ಲಿ ಬಂದ ಪದ್ಧತಿ. ಅಕ್ಕ ನನ್ನನ್ನು ಕರೆದಳು. ಕಳಶ ಹಿಡಿಯಲು ದೂರದ ಸಂಬಂಧದ ಒಬ್ಬಾಕೆಯನ್ನು ನಿಲ್ಲಿಸಿದಳು. "ಇವರ ಮನೆಯವರೆಲ್ಲಿ?" ಎಂದು ಪುರೋಹಿತರು ಕೇಳಿದಾಗ "ಅವರಿಗೆ ಬೇರೆ ಕೆಲಸ ಇರುತ್ತೆ ಬಿಡಿ" ಎಂದಳು. ಎಲ್ಲರಿಗೂ ಕೇಳಿಸಿತು. ಛತ್ರದ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಹಪ್ಪಳದ ಬುಟ್ಟಿ ಹಿಡಿದು ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ನಾನು ಹೆಣ್ಣಿನ ಕೈ ಹಿಡಿದು ನಡೆದೆ.

ಆಮೇಲೆ ಅಕ್ಕ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ನೀರು ಸಹ ಕುಡಿಯುತ್ತಿರಲಿಲ್ಲ. "ತಮ್ಮನ್ನ ಕಟ್ಟಿ ಹಾಕ್ಕೊಂಡಳು" ಎಂದು ನೆಂಟರಲ್ಲಿ ಮಾತು ಬೆಳೆಯಿತು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಮುಂದೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಬಹಳ ಕಾಲದ ನಂತರ ಅಕ್ಕ ಹಾಸಿಗೆ ಹಿಡಿದಾಗ ನೋಡಲು ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಕಾಲು ಹಿಡಿದುಕೊಂಡು ಎಲ್ಲ ಹೇಳಿದೆ.

"ಗೊತ್ತು ಕಣೋ" ಎಂದಳು.

ನನಗೆ ಅರ್ಥವಾಗಲಿಲ್ಲ.

"ಬೀಗ ಹಾಕಿದ ಮನೇಲಿ ಫ್ಯಾನು ತಿರುಗುತ್ತೇನೋ? ಕೂತಷ್ಟು ಹೊತ್ತೂ ಕೇಳಿಸ್ತಾ ಇತ್ತು. ಈಗ ತೆಗೀತಾನೆ, ಈಗ ಕೂಗ್ತಾನೆ ಅಂತ ಕಾದೆ."

"ಮತ್ತೆ ಅವಳನ್ನ ಯಾಕಕ್ಕ..."

"ನಿನ್ನ ಮೇಲೆ ಕೋಪ ಮಾಡ್ಕೊಂಡ್ರೆ ನಂಗೆ ಇನ್ಯಾರಿದ್ರೋ? ಮಗಳ ಮದುವೆಗೆ ನೀನು ಬೇಕಿತ್ತು. ಕೋಪ ಎಲ್ಲಾದ್ರೂ ಇಳೀಬೇಕಲ್ಲ. ಅವಳೇ ಬಂದು ತಲೆ ಕೊಟ್ಟಳು." ಆಮೇಲೆ "ಹೋಗ್ಲಿ ಬಿಡು, ಮುಗಿದ ಮಾತು" ಎಂದು ನನ್ನ ತಲೆ ಸವರಿದಳು. ಇಬ್ಬರೂ ಅತ್ತೆವು. ನಮ್ಮಿಬ್ಬರ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಮನೆಗೆ ಬಂದಾಗ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ಅತ್ತಿಗೆ ಹೇಗಿದಾರೆ? ಏನಾದ್ರೂ ತಿಂದ್ರಾ?" ಎಂದು ಕೇಳಿದಳು. "ನನ್ನ ವಿಚಾರಿಸಿದ್ರಾ?"

"ಹೂಂ, ವಿಚಾರಿಸಿದ್ರು" ಎಂದೆ.

ಅಕ್ಕ ವಿಚಾರಿಸಿರಲಿಲ್ಲ. ಆದರೆ ಹೆಂಡತಿಯ ಮುಖ ಅರಳಿತು. ಅದನ್ನು ನೋಡಿದ ಮೇಲೆ ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮೊದಲು ಅಕ್ಕ ಹೋದಳು. ಕೆಲವು ವರ್ಷದ ಮೇಲೆ ಹೆಂಡತಿಯೂ ಹೋದಳು. ಅಷ್ಟೂ ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ಹೇಳಲು ಹೊತ್ತಿಗೇನೂ ಬರವಿರಲಿಲ್ಲ. ಸಾಕಿದ ಅಕ್ಕನ ಕಾಲು ಹಿಡಿದೆ. ಅಕ್ಕನ ಮಗಳ ಹತ್ತಿರವೂ ಒಂದು ಸಲ ತಪ್ಪಾಯಿತಮ್ಮ ಎಂದೆ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟದ್ದು ನನ್ನ ಹೆಂಡತಿಯನ್ನು.